ಖಾಲಿ ಅಂದರೆ ಕೆಳಗೆ

ಮಾನಮ್ಮ ಪುಣೆಗೆ ಬಂದು ಮೊದಲು ಕಲಿತ ಮರಾಠಿ ಮಾತು ‘ಖಾಲೀ’. ಅದನ್ನು ಕಲಿತದ್ದೂ ಜಗಳ ಮಾಡಿ.

ಸುರಪುರ ಸೀಮೆಯಿಂದ ಗಂಡ ಶಂಕ್ರೆಪ್ಪನ ಬೆನ್ನು ಹತ್ತಿ ಬಂದ ಹೊಸತು ಅದು. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ ಸಿಕ್ಕಿತ್ತು. ಇಡೀ ದಿನ ಬಗ್ಗಿ ನಿಂತು ಕೊಳೆತದ್ದನ್ನು ಒಂದು ಕಡೆ, ಗಟ್ಟಿಯಾದದ್ದನ್ನು ಒಂದು ಕಡೆ ಎಸೆಯುತ್ತಿದ್ದವಳನ್ನು ಕಂಡು ಅಡತಿ ಅಂಗಡಿಯ ಮುದುಕನಿಗೆ ಕನಿಕರ ಹುಟ್ಟಿತು. "ಅಗಂ, ಖಾಲೀ ಬಸ್" ಅಂದ. ಕೆಳಗೆ ಕೂತು ಮಾಡವ್ವ, ಸೊಂಟ ಬಿದ್ದು ಹೋದೀತು ಅನ್ನುವ ಅರ್ಥ. ಮಾನಮ್ಮನ ಕಿವಿಗೆ ಬಿದ್ದದ್ದು ಮಾತ್ರ ಖಾಲಿ ಕೂಡು ಅಂತ. ಕೈಯಲ್ಲಿದ್ದ ಗಡ್ಡೆ ಒಗೆದು, ಸೆರಗು ಸೊಂಟಕ್ಕೆ ಸಿಗಿಸಿ, ಅಂಗಡಿ ಸಾಲೆಲ್ಲ ತಿರುಗಿ ನೋಡುವ ಹಾಗೆ ಹರಿಹಾಯ್ದಳು.

"ಖಾಲಿ ಕೂಡಾಕ ನಾ ಇಷ್ಟು ದೂರ ಬಂದಿಲ್ರೀ ಯಜಮಾನ್ರ! ಖಾಲಿ ಕೂಡೂದಿತ್ತಂದ್ರ ನಮ್ಮೂರಾಗ ಕಟ್ಟಿ ಇರಲಿಲ್ಲೇನು?"

ಮುದುಕ ಪಿಳಿಪಿಳಿ ಕಣ್ಣು ಬಿಟ್ಟ. ಎರಡೂ ಭಾಷೆ ಬಲ್ಲ ಸೊಲ್ಲಾಪುರದ ಹಮಾಲನೊಬ್ಬ ನಡುವೆ ಬಂದು ಬಿಡಿಸಿ ಹೇಳಿದ ಮೇಲೆ ಅಂಗಡಿಯಲ್ಲಿ ಎದ್ದ ನಗೆ ಸಂಜೆತನಕ ಇಳಿಯಲಿಲ್ಲ. ಮಾನಮ್ಮನ ತಮ್ಮ ಬಾಬು ಆಗ ಅವಳ ಜೊತೆಗೇ ಇದ್ದ. ತಾಯಿ ತೀರಿಕೊಂಡ ಮೇಲೆ ಅಕ್ಕನ ಸೆರಗು ಹಿಡಿದು ರೈಲು ಹತ್ತಿದವನು. ಅಂದಿನಿಂದ ಅವಳಿಗೆ ಸಿಟ್ಟು ಬಂದಾಗಲೆಲ್ಲ ಅವನದು ಒಂದೇ ಮಾತು: "ಯಕ್ಕಾ, ಖಾಲೀ ಬಸ್." ಅವಳೂ ನಗುತ್ತಿದ್ದಳು. ಆ ಮಾತಿಗೆ ಹಲ್ಲು ಇದ್ದದ್ದು ಯಾರಿಗೂ ಕಂಡಿರಲಿಲ್ಲ.

ಶಂಕ್ರೆಪ್ಪ ಗೌಂಡಿ. ಅವನ ಕೈಯಲ್ಲಿ ಗೋಡೆ ನೂಲು ಹಿಡಿದಷ್ಟು ನೆಟ್ಟಗೆ ಏಳುತ್ತಿತ್ತು. ಊರ ಕಡೆಯ ನಾಲ್ಕಾರು ಮಂದಿ ಅವನ ಸುತ್ತ ಸೇರಿ ಒಂದು ಟೋಳಿಯಾಯಿತು. ಮಾನಮ್ಮ ಉಳ್ಳಾಗಡ್ಡಿ ಬಿಟ್ಟು ತಲೆಗೆ ಸಿಂಬೆ ಇಟ್ಟು ಬುಟ್ಟಿ ಹೊತ್ತಳು. ಆಗಿನ ಪುಣೆಯಲ್ಲಿ ಇಂಥವರಿಗೆ ಸಿಗುತ್ತಿದ್ದದ್ದು ಎರಡು ಮೂರು ಅಂತಸ್ತಿನ ಮನೆಗಳು, ಖಡಕಿಯ ಕಡೆ ಹಳೇ ಕ್ವಾರ್ಟರ್ಸುಗಳ ಗೋಡೆಗೆ ಗಾರೆ ಮೆತ್ತುವ ಗಿಲಾವು. ಊರಿನಿಂದ ಬುತ್ತಿಯ ಜೊತೆ ಕಟ್ಟಿಕೊಂಡು ಬಂದ ರಿವಾಜು ಒಂದಿತ್ತು. ಬಟವಾಡೆಯ ದಿನ ಶಂಕ್ರೆಪ್ಪ ಹೆಗಲ ಮೇಲಿನ ಟವೆಲು ನೆಲಕ್ಕೆ ಹಾಸುತ್ತಿದ್ದ. ಎಲ್ಲರ ಗಳಿಕೆಯೂ ಅದರ ಮೇಲೆ ಬೀಳಬೇಕು. ಗೌಂಡಿಗೆ ಒಂದೂವರೆ ಪಾಲು. ಉಳಿದವರಿಗೆ, ಗಂಡಾಗಲಿ ಹೆಣ್ಣಾಗಲಿ, ಒಂದು ಪಾಲು. ಜ್ವರ ಬಂದು ಮಲಗಿದವರಿಗೆ ಅರ್ಧ.

"ಬುಟ್ಟಿ ಬರಲಿಲ್ಲಂದ್ರ ನಾ ಏನು ಗ್ವಾಡಿಗಿ ಗಾಳಿ ಮೆತ್ತಲೇನು?" ಅನ್ನುತ್ತಿದ್ದ ಶಂಕ್ರೆಪ್ಪ. ದೊಡ್ಡ ಕೆಲಸಗಾರನಿಗೂ ಸಣ್ಣ ಕೆಲಸಗಾರಳಿಗೂ ನಡುವೆ ಇದ್ದ ದೂರ ಆ ಟವೆಲಿನ ಮೇಲೆ ಅರ್ಧ ಪಾಲು ಮಾತ್ರ.

ಪುಣೆ ಬೆಳೆಯಿತು. ಅಡ್ಡಡ್ಡ ಬೆಳೆದು ಸಾಲದೆ ಉದ್ದುದ್ದ ಎದ್ದಿತು. ವಾಘೋಲಿಯ ಜೋಳದ ಹೊಲಗಳಲ್ಲಿ ಕಬ್ಬಿಣದ ಸರಳು ಮೊಳೆತವು. ರಾಂಜಣಗಾಂವದ ಕಾರ್ಖಾನೆಗಳಿಗೆ ಹೋಗುವ ಲಾರಿಗಳ ಧೂಳು ರಸ್ತೆಯ ಎರಡೂ ಬದಿಯ ಕಟ್ಟಡಗಳನ್ನು ಹುಟ್ಟುವ ಮೊದಲೇ ಮುದಿ ಮಾಡುತ್ತಿತ್ತು. ಈ ಬೆಳವಣಿಗೆ ಮನುಷ್ಯನ ಕೈಗೆ ಏನು ಮಾಡುತ್ತದೆ ಅನ್ನುವುದು ತಿಳಿಯಬೇಕಾದರೆ ಬಾಬುವನ್ನು ನೋಡಬೇಕು. ಒಮ್ಮೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಒಂದು ಗೋಡೆ ಎಬ್ಬಿಸಿಕೊಡಲು ನಿಂತ. ಇಟ್ಟಿಗೆ ಬಂದಾಗ ಉಸುಕಿಲ್ಲ, ಉಸುಕು ಬಂದಾಗ ನೀರಿಲ್ಲ, ಕಟರಿನ ಬ್ಲೇಡು ಮುರಿದರೆ ಕಲಬುರಗಿಯಿಂದ ಬಸ್ಸಿನಲ್ಲಿ ಬರಬೇಕು. ಗೋಡೆ ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ರಜೆ ಮುಗಿಯಿತು. ಅದೇ ಬಾಬು, ಅದೇ ಎರಡು ಕೈ, ಪುಣೆಯಲ್ಲಿ ಅಷ್ಟು ಗೋಡೆಯನ್ನು ಮಧ್ಯಾಹ್ನದ ರೊಟ್ಟಿಯೊಳಗೆ ಮುಗಿಸುತ್ತಿದ್ದ. ಇಲ್ಲಿ ಬ್ಲೇಡಿನ ಅಂಗಡಿ ಓಣಿಯ ತುದಿಗೆ. ಕಲಸಿದ ಕಾಂಕ್ರೀಟು ಗಾಡಿಯ ಹೊಟ್ಟೆಯಲ್ಲಿ ತಿರುಗುತ್ತ ತಾನೇ ಬಂದು ನಿಲ್ಲುತ್ತದೆ. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದು ಬಾಗಿಲಲ್ಲಿ ಕಾಯುತ್ತದೆ. ದೊಡ್ಡ ಊರು ಕೈಯನ್ನು ಸುಮ್ಮನಿರಲು ಬಿಡುವುದಿಲ್ಲ.

ಹಾಗೆ ಹೆಚ್ಚಿದ ದುಡಿಮೆ ಎಲ್ಲರ ಬಾಯಿಗೂ ಒಂದೇ ತುತ್ತಾಗಲಿಲ್ಲ. ಬುಟ್ಟಿ ಹೊರಲು ವಾರಜೆಯ ಕೂಲಿ ಅಡ್ಡಾದಲ್ಲಿ ಬೆಳಕು ಹರಿಯುವ ಮೊದಲೇ ಜನ ಇರುವೆಯ ಹಾಗೆ ನಿಂತಿರುತ್ತಾರೆ. ಒಬ್ಬಳು ಒಲ್ಲೆ ಅಂದರೆ ಅವಳ ಹಿಂದೆ ಹತ್ತು ತಲೆ. ಎತ್ತರದಲ್ಲಿ ನಿಂತು ಬಿರುಸಾಗಿ ಕೆಲಸ ತೆಗೆಯಬಲ್ಲ ಗಟ್ಟಿ ಎದೆಯವರು ಕಡಿಮೆ. ಅವರನ್ನು ಇನ್ನೊಂದು ಸೈಟಿನವರು ರಾತ್ರೋರಾತ್ರಿ ಎಳೆದುಕೊಳ್ಳುತ್ತಾರೆ. ಅದಕ್ಕೇ ಮೇಲಿನವರ ರೇಟು ಕಟ್ಟಡದ ಜೊತೆ ಏರಿತು. ಕೆಳಗಿನವರದು ಪಾಯದ ಕಲ್ಲಿನ ಹಾಗೆ ಇದ್ದಲ್ಲೇ ಇತ್ತು.

ವಾಘೋಲಿಯ ಆ ಕಟ್ಟಡಕ್ಕೆ ಟೋಳಿ ಹೋದಾಗ ಸೈಟಿನ ಸೂಪರ್‌ವೈಸರ್ ಸುಖೇಶ್ ಬಂದು ಇಬ್ಭಾಗ ಮಾಡಿದ. ಉಡುಪಿಯ ಕಡೆಯವನು. ಅವನ ಮಾವ ಲೋಕನಾಥ ರಸ್ತೆಯ ಆಚೆ ಹೋಟೆಲು ನಡೆಸುತ್ತಿದ್ದ. ಕನ್ನಡದವನೇ ಅಂತ ಮಾನಮ್ಮನಿಗೆ ಮೊದಲು ಹಿಗ್ಗಾಗಿತ್ತು.

"ನೋಡಿ, ಮೇಲೆ ಹೋಗುವವರಿಗೆ ಖೇಪಿನ ಮೇಲೆ ದುಡ್ಡು" ಅಂದ ಸುಖೇಶ್. "ಲಿಫ್ಟು ಎಷ್ಟು ಸಲ ಮಾಲು ಹೊತ್ತು ಹೋಗ್ತದೋ ಅಷ್ಟು ಸಲ. ಕೆಳಗಿನವರಿಗೆ ದಿನದ ಹಾಜರಿ. ಬಾಬು ಮೇಲೆ ಬರ್ಲಿ. ಶಂಕ್ರೆಪ್ಪನಿಗೆ ಮಂಡಿನೋವು ಉಂಟಲ್ಲ, ಕೆಳಗೇ ಇರ್ಲಿ."

"ಹಂಗಂದ್ರ ಮ್ಯಾಲಿನವರು ಜೋರು ಮಾಡಿದ್ರ ಕೆಳಗ ತುಂಬಿ ಕೊಡೋರೂ ಜೋರು ಮಾಡಬೇಕಲ್ರೀ?" ಅಂದಳು ಮಾನಮ್ಮ.

"ಹೌದು ಮತ್ತೆ."

"ನಮಗ ಖೇಪಿಂದು ಯಾಕಿಲ್ಲ?"

ಸುಖೇಶ್ ನಕ್ಕ. "ಎಂತ ಮಾರಾಯ್ತಿ, ಕೆಳಗೆ ತುಂಬ್ಲಿಕ್ಕೆ ಎಷ್ಟು ಜನ ಬೇಕಾದ್ರೂ ಸಿಗ್ತಾರೆ." ಅವನಿಗೆ ಕೆಡುಕು ಬಗೆಯುವ ಮನಸ್ಸಿರಲಿಲ್ಲ. ಹವೆ ಹೇಗಿದೆ ಅಂತ ಹೇಳುವಷ್ಟು ಹಗುರಾಗಿ ಹೇಳಿ ಹೋದ.

ಆ ವಾರದ ಬಟವಾಡೆಗೆ ತಾವಿದ್ದ ತಗಡಿನ ಪತ್ರಾ ಶೆಡ್ಡಿನಲ್ಲಿ ಶಂಕ್ರೆಪ್ಪ ಟವೆಲು ಹಾಸಿದ. ಬಾಬುವಿನ ಹೆಂಡತಿ ಶಿವಕಾಂತಾ ತನ್ನದನ್ನು ಇಟ್ಟಳು. ಅವಳೂ ಕೆಳಗಿನವಳೇ, ಮಾನಮ್ಮನ ಜೊತೆ ಸಿಮೆಂಟಿನ ಬ್ಲಾಕು ತುಂಬುವವಳು. ಬಾಬು ಅಂಗಿಯ ಕಿಸೆಯ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದ.

"ಮಾವಾ, ನಂದೊಬ್ಬಂದೇ ನಿಮ್ಮೆಲ್ಲಾರದಕ್ಕ ಸಮ ಆಗ್ತದ. ಹಾಸೂದು ಇನ್ನ ಬಿಡ್ರಿ. ನಾಚಿಕಿ ಬರ್ತದ."

"ಯಾರಿಗಿ ನಾಚಿಕಿ?" ಅಂದ ಶಂಕ್ರೆಪ್ಪ.

ಮಾನಮ್ಮ ಬೆಂಕಿಯಾದಳು. "ನಿನ್ನ ಜ್ವರದಾಗ ಅರ್ಧ ಪಾಲು ತಿಂದಾಗ ನಾಚಿಕಿ ಬರಲಿಲ್ಲೇನೋ ಬಾಡ್ಯಾ?"

"ಯಕ್ಕಾ, ಖಾಲೀ ಬಸ್" ಅಂದ ತಮ್ಮ. ಈ ಸಲ ಯಾರೂ ನಗಲಿಲ್ಲ. ಶಂಕ್ರೆಪ್ಪ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಟವೆಲು ಆಮೇಲೆ ಬೆವರು ಒರೆಸುವುದಕ್ಕೆ ಮಾತ್ರ ಉಳಿಯಿತು.

ಮಾನಮ್ಮನಿಗೆ ದುಡ್ಡಿನ ಚಿಂತೆಗಿಂತ ದೊಡ್ಡದೊಂದು ಚಿಂತೆ ಹತ್ತಿದ್ದು ಆ ಲಿಫ್ಟಿನಿಂದ. ಲಿಫ್ಟು ಅಂದರೆ ಸೈಟಿನ ಲಿಫ್ಟು. ಕಬ್ಬಿಣದ ಎರಡು ಕಂಬದ ನಡುವೆ ತಂತಿ ಹಗ್ಗಕ್ಕೆ ಕಟ್ಟಿದ ಬರೀ ಒಂದು ಹಲಗೆ. ಕೆಳಗೆ ಒಬ್ಬ ಆಪರೇಟರ್ ಮಶೀನಿನಿಂದ ಅದನ್ನು ಏರಿಸುತ್ತಾನೆ. ಬ್ರೇಕಿನ ಹಿಡಿಕೆ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಸರಕ್ಕನೆ ಇಳಿಯುತ್ತದೆ. ಮಾಲು ಮಾತ್ರ ಹೋಗಬೇಕು, ಮನುಷ್ಯರು ಕಾಲಿಡಬಾರದು ಅಂತ ಬೋರ್ಡು ಇತ್ತು. ಮೇಲಿನವರು ಮಾಲು ಇಳಿಸಿಕೊಂಡು "ಖಾಲಿ!" ಅಂತ ಕೂಗುವುದು, ಕೆಳಗಿನವನು ಹಲಗೆ ಇಳಿಸುವುದು. ಹಿಂದೆ ಸಣ್ಣ ಕಟ್ಟಡಗಳಲ್ಲಿ ಲಿಫ್ಟು ನಡೆಸುತ್ತಿದ್ದವನು ಅವರದೇ ಟೋಳಿಯ ಲಾಲಪ್ಪ. ಅವನು ಮಂಡಿ ಹಿಡಿದು ಊರು ಸೇರಿದ ಮೇಲೆ ಇಲ್ಲಿ ಬೀಡ್ ಕಡೆಯ ಭಾನುದಾಸ ಬಂದ. ಮೆತ್ತಗಿನ ಮನುಷ್ಯ, ಕೆಲಸದಲ್ಲಿ ಚುರುಕು.

ಒಂದು ದಿನ ಮೇಲಿಂದ "ಖಾಲಿ" ಅಂತ ಕೂಗು ಬಂತು. ಭಾನುದಾಸ ಹಲಗೆ ಇಳಿಸಿದ. ನೋಡಿದರೆ ಅದರ ಮೇಲೆ ಅರ್ಧ ಬ್ಲಾಕು ಹಾಗೇ ಉಳಿದಿದ್ದವು. ಮಾನಮ್ಮ, "ಅಣ್ಣಾ, ತುಂಬಿದ್ದನ್ನ ಯಾಕ ಇಳಿಸಿದ್ರಿ?" ಅಂತ ಮರಾಠಿಯಲ್ಲಿ ಕೇಳಿದಳು. "ಖಾಲೀ ಅಂದರಲ್ಲ ತಾಯಿ" ಅಂದ ಅವನು. "ಕೆಳಗೆ ಅಂದರು, ಇಳಿಸಿದೆ."

ಮೇಲೆ ವಿಚಾರಿಸಿದರೆ, ಪಕ್ಕದ ಮೂಲೆಯ ಮಸಾಲೆ ಡಬ್ಬಿ ಬರಿದಾಗಿದೆ ಅಂತ ಒಬ್ಬ ಒಡಿಶಾದವನು ಇನ್ನೊಬ್ಬನಿಗೆ ಕೂಗಿದ್ದ, ಅಷ್ಟೆ. ಗಾರೆಗೆ ಅವರು ಮಸಾಲೆ ಅನ್ನುತ್ತಾರೆ. ಮೇಲೆ ಒಡಿಶಾದವರು, ಬಿಹಾರದವರು, ಬಂಗಾಲದವರು, ಎಲ್ಲರದೂ ಹಿಂದಿ. ಹಿಂದಿಯಲ್ಲೂ ಕನ್ನಡದ ಹಾಗೇ ಖಾಲಿ ಅಂದರೆ ಬರಿದು. ಕೆಳಗೆ ಭಾನುದಾಸನದು ಮರಾಠಿ. ಅವನಿಗೆ ಖಾಲೀ ಅಂದರೆ ಕೆಳಗೆ.

ಮಾನಮ್ಮ ಕೈಯಲ್ಲಿದ್ದ ಬ್ಲಾಕು ಹಿಡಿದು ಹಾಗೇ ನಿಂತಳು. ಭಾನುದಾಸ ಬಂದಾಗಿನಿಂದ ಎರಡು ಅರ್ಥಗಳು ಒಂದೇ ಮಾತಿನ ಹೊಟ್ಟೆಯಲ್ಲಿ ಮಲಗಿದ್ದವು. ಹಲಗೆ ಬರಿದಾಗಿದೆ ಅಂತ ಮೇಲಿನವರು ಅನ್ನುತ್ತಿದ್ದರು, ಇಳಿಸು ಅಂತ ಕೆಳಗಿನವರು ಕೇಳುತ್ತಿದ್ದರು. ಬರಿದಾದದ್ದನ್ನು ಇಳಿಸುವುದೇ ಆದ್ದರಿಂದ ಯಾರಿಗೂ ತೊಡಕಾಗಿರಲಿಲ್ಲ. ಬರಿದಾಗಿಯೂ ಇಳಿಸಬಾರದ ಗಳಿಗೆ ಒಂದು ಬಂದರೆ?

ಅಂದೇ ಸಂಜೆ ಬಾಬುವನ್ನು ಹಿಡಿದಳು. "ಇನ್ನ ಮ್ಯಾಲಿಂದ ಖಾಲಿ ಅನಬ್ಯಾಡ. ಬರಿದಂದ್ರ ರಿಕಾಮಾ ಅನ್ನು. ಮರಾಠಿ ಮಾತದು."

"ಅಲ್ಲಿ ರಿಕಾಮಾ ಅಂದ್ರ ಯಾರಿಗಿ ತಿಳಿಬೇಕಕ್ಕಾ? ಬಿಹಾರದಾಂವ ನನ್ನ ಮಾರಿ ನೋಡ್ತಾನ."

"ಹಂಗಿದ್ರ ಕೆಳಗ ಬಂದುಬಿಡು. ರೊಟ್ಟಿಗೇನು ಕಡಿಮಿ ಇಲ್ಲ."

ಬಾಬು ಬೆವರಿನ ಅಂಗಿ ಬಿಚ್ಚುತ್ತ ಅವಳನ್ನು ನೋಡಿದ. "ಕೆಳಗ ಬಂದು ಮಾವನಂಗ ಆಗ್ಲೇನು? ಮೂವತ್ತು ವರ್ಷ ಊರ ಮಂದಿಗಿ ಮನಿ ಕಟ್ಟಿ ಪತ್ರಾ ಶೆಡ್ಡಿನಾಗ ಮಂಡಿ ಒತ್ತಿಕೊಂಡು ಕೂಡ್ಲೇನು?"

ಒಳಗೆ ಮಲಗಿದ್ದ ಶಂಕ್ರೆಪ್ಪ ಕೆಮ್ಮಿದ. ಕೇಳಿಸಿತ್ತು.

ಸುಖೇಶನ ಹತ್ತಿರವೂ ಹೋದಳು. ಅವನು ತಲೆಯಾಡಿಸಿ ಒಪ್ಪಿದ. "ಸರಿ ಹೇಳಿದಿ ಮಾನಮ್ಮ. ವಾಕಿಟಾಕಿ ತರಿಸ್ಲಿಕ್ಕೆ ಆಫೀಸಿಗೆ ಹೇಳ್ತೇನೆ." ಹೇಳಿಯೂ ಹೇಳಿದ. ಅದು ಬರುವ ಮೊದಲು ಕಟ್ಟಡ ಇನ್ನೆರಡು ಅಂತಸ್ತು ಏರಿತು. ಏರಿದಷ್ಟೂ ಮೇಲಿನ ಕೂಗು ಸಣ್ಣದಾಗಿ, ಹರಿದ ಬಟ್ಟೆಯ ಚೂರಿನ ಹಾಗೆ ತೇಲಿ ಬರುತ್ತಿತ್ತು. ಮಾನಮ್ಮ ಬ್ಲಾಕು ತುಂಬುವಾಗ ಒಂದು ಕಿವಿ ಮೇಲೆ ಇಡತೊಡಗಿದಳು. ಮಧ್ಯಾಹ್ನ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುರಿಯುವಾಗಲೂ ಬಾಯಿ ನಿಲ್ಲಿಸಿ ಕೇಳುವಳು. ಶಿವಕಾಂತಾ ಒಮ್ಮೆ ಹಾಸ್ಯ ಮಾಡಿದಳು: "ಯಕ್ಕಾ, ನಿನ್ನ ತಮ್ಮ ಅಲ್ಲಿಂದ ಸೀನಿದ್ರೂ ನೀ ಇಲ್ಲಿಂದ ಶಂಭರ್, ನೂರು ವರ್ಷ ಬಾಳು ಅಂತಿ ನೋಡು."

ಮಾನಮ್ಮ ನಗಲಿಲ್ಲ. "ಅಂವ ಇಳಿಯೋತನ ನನಗ ನೀರೂ ಒಳಗ ಹೋಗೂದಿಲ್ಲವ್ವ."

ಮಳೆಗಾಲ ಹತ್ತಿರ ಬಂದಿತ್ತು. ಮಳೆ ಹಿಡಿಯುವ ಮೊದಲು ಮೇಲಿನ ಗೋಡೆ ಮುಗಿಸಬೇಕು ಅಂತ ಖೇಪಿನ ರೇಟು ಏರಿಸಿದರು. ಮೇಲಿನವರು ನೀರು ಕುಡಿಯಲೂ ನಿಲ್ಲದೆ ಓಡತೊಡಗಿದರು. ಕೈಗಾಡಿಯಲ್ಲಿ ತುಂಬಿದ ಗಾರೆ ಹಲಗೆಯ ಸಮೇತ ಏರುವುದು, ಗಾಡಿ ಎಳೆದುಕೊಂಡು ಸುರಿದು ಮತ್ತೆ ಹಲಗೆಗೆ ತಳ್ಳುವುದು, ಕೂಗುವುದು. ಮೇಲೆ ಹೆಚ್ಚಿದ ಒಂದೊಂದು ಖೇಪಿಗೂ ಕೆಳಗೆ ಹೆಂಗಸರು ಅದೇ ಹಾಜರಿಯಲ್ಲಿ ಒಂದೊಂದು ಗಾಡಿ ಹೆಚ್ಚು ತುಂಬಿದರು. ಅಂದು ಆಕಾಶ ಬೆಳಗಿನಿಂದ ಹೊಗೆ ಹಿಡಿದ ಗಡಿಗೆಯ ತಳದ ಹಾಗೆ ಕಪ್ಪಾಗಿತ್ತು.

ಮೇಲೆ ಒಂದು ಬರಿದಾದ ಗಾಡಿಯ ಚಕ್ರ ಹಲಗೆಗೂ ಅಂತಸ್ತಿನ ಅಂಚಿಗೂ ನಡುವಿನ ಸಂದಿನಲ್ಲಿ ಸಿಕ್ಕಿಬಿತ್ತು. ಬಾಬು ಎಳೆದ. ಬರಲಿಲ್ಲ. ಬೇರೆಯವರಾದರೆ ಆಪರೇಟರಿಗೆ ಹೇಳಿ ಹಲಗೆ ಸರಿಮಾಡಿಸಿ ಬಿಡಿಸುತ್ತಿದ್ದರು. ಅದಕ್ಕೆ ಒಂದು ಖೇಪಿನ ಹೊತ್ತು ಹೋಗುತ್ತಿತ್ತು. ಬಾಬು ಒಂದು ಕಾಲು ಹಲಗೆಯ ಮೇಲಿಟ್ಟು ಗಾಡಿಯನ್ನು ಎತ್ತಲು ಬಗ್ಗಿದ.

ಕೆಳಗೆ ಭಾನುದಾಸನಿಗೆ ಇದು ಕಾಣುವ ಹಾಗಿರಲಿಲ್ಲ. ಹಗ್ಗ ಅಲುಗದ್ದನ್ನು ಕಂಡು ಅವನು ಬಾಯಿಗೆ ಎರಡೂ ಕೈ ಹಿಡಿದು ಕೂಗಿದ: "ಭರ್ಲೇಲಂ ಕೀ ರಿಕಾಮಂ?" ತುಂಬಿದೆಯೋ, ಬರಿದೋ?

ಬಾಬು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟ. "ಖಾಲಿ ಅದ, ತಡೀ ತಡೀ!"

ಅದೇ ಗಳಿಗೆಗೆ ಗೇಟಿನಲ್ಲಿ ಕಾಂಕ್ರೀಟಿನ ಗಾಡಿ ಹೊಟ್ಟೆ ತಿರುಗಿಸಿ ಗುಡುಗಿತು. ಆ ಗದ್ದಲ ಮಾತಿನ ಬಾಲವನ್ನು ನುಂಗಿತು. ಕೆಳಗೆ ಬಂದದ್ದು ತಲೆ ಮಾತ್ರ: "ಖಾಲಿ."

ಭಾನುದಾಸನ ಕೈ ಬ್ರೇಕಿಗೆ ಹೋಯಿತು. ಮಾನಮ್ಮ ಅವನಿಂದ ಒಂದು ಮಾರು ದೂರ ಸಲಿಕೆ ಹಿಡಿದು ನಿಂತಿದ್ದಳು. ಕೂಗಿದ್ದು ತಮ್ಮನ ಗಂಟಲು ಅಂತ ಗೊತ್ತಾಯಿತು. ಅದು ‘ಇಳಿಸು’ ಅನ್ನುವ ಕೂಗಲ್ಲ ಅಂತಲೂ ಗೊತ್ತಾಯಿತು. ಇಡೀ ಸೈಟಿಗೆ ಈ ಮಾತಿನ ಬಗ್ಗೆ ಬುದ್ಧಿ ಹೇಳಿದವಳು ಅವಳೇ. ಮರಾಠಿ ಅವಳ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ನಿಲ್ಲು ಅನ್ನಲು ‘ಥಾಂಬ’ ಅನ್ನುವ ಒಂದು ಮಾತು ಸಾಕಿತ್ತು. ಎದೆ ಒಡೆಯುವ ಹೊತ್ತಿಗೆ ಬಾಯಿಗೆ ಬಂದದ್ದು ಹುಟ್ಟಿದೂರಿನ ಮಾತು.

"ಬ್ಯಾಡ್ರೀ! ಬಿಡಬ್ಯಾಡ್ರೀ! ತಡೀರಿ!"

ಭಾನುದಾಸ ತಿರುಗಿ, "ಕಾಯ್?" ಅಂದ. ಏನು? ತಿರುಗುವಾಗಲೇ ಹಿಡಿಕೆ ಅವನ ಕೈಯಿಂದ ಸಡಿಲಾಗಿತ್ತು.

ಬಾಬು ಬದುಕಿದ. ಹಲಗೆ ಜಾರಿದಾಗ ಅವನು ಅಂಚಿನ ಪೈಪು ಅಪ್ಪಿಕೊಂಡ. ಗಾಡಿ ಬಿತ್ತು, ಹಲಗೆಯ ಮೇಲಿನ ಕಾಲು ಕಂಬಕ್ಕೂ ಹಲಗೆಗೂ ನಡುವೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಖರ್ಚು ಕಾಂಟ್ರಾಕ್ಟರನೇ ಕೊಟ್ಟ. ಸೈಟು ಎರಡನೆಯ ದಿನ ಮತ್ತೆ ಶುರುವಾಯಿತು. ಭಾನುದಾಸ ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತು ಅತ್ತ. ಮಾನಮ್ಮ ಅವನನ್ನು ಒಳಗೆ ಕರೆದಳು. ಅವಳ ಕಿವಿಯಲ್ಲಿ ಅವಳದೇ ದನಿ ಸುತ್ತುತ್ತಿತ್ತು.

ಬಾಬುವನ್ನು ಶೆಡ್ಡಿಗೆ ತಂದರು. ಒಂದು ಮುಂಜಾನೆ ಮಾನಮ್ಮ ಕೆಲಸಕ್ಕೆ ಹೊರಟು ಬಾಗಿಲು ದಾಟುವಾಗ ಹಿಂದಿನಿಂದ ಅಂದ, "ಯಕ್ಕಾ, ಈಗ ನಾ ಖಾಲೀ ಕೂತೀನಿ ನೋಡು. ಎರಡೂ ಮಾತಿನಾಗ." ಅವನ ತುಟಿ ನಗಲು ಹೋಗಿ ಅರ್ಧಕ್ಕೆ ನಿಂತಿತು.

ಅದೇ ಸಂಜೆ ಸುಖೇಶ್ ಶೆಡ್ಡಿಗೆ ಬಂದ. ಲೋಕನಾಥನ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ಬಾಬುವಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ವಿಚಾರಿಸಿದ. ಆಮೇಲೆ ಶಿವಕಾಂತಾಳ ಕಡೆ ತಿರುಗಿ, "ಮೇಲೆ ಒಂದು ಜಾಗ ಖಾಲಿ ಉಂಟು" ಅಂದ. "ಲಿಫ್ಟಿನ ಬಾಯಲ್ಲಿ ನಿಂತು ಗಾಡಿ ಎಳೆದುಕೊಳ್ಳುವ ಕೆಲಸ. ಹೋದ ಸಲಕ್ಕಿಂತ ರೇಟು ಜಾಸ್ತಿ ಮಾಡಿದ್ದಾರೆ. ಯಾರೂ ಬರ್ತಿಲ್ಲ, ಹೆದರ್ತಾರೆ. ನಿಮ್ಮ ಮನೆಯ ಕಷ್ಟ ನೋಡಿ ಮೊದಲು ನಿಮಗೆ ಹೇಳಿದ್ದು."

ಶಿವಕಾಂತಾ ಗಂಡನ ಮಡಚಿ ಕಟ್ಟಿದ ಪ್ಯಾಂಟಿನ ತುದಿ ನೋಡಿದಳು. "ಬರ್ತೀನ್ರಿ" ಅಂದಳು.

"ನಿನ್ನ ತಲಿ ನೆಟ್ಟಗದೇನ?" ಮಾನಮ್ಮ ಎದ್ದು ನಿಂತಳು. "ನನ್ನ ಹಾಜರಿ ಅದ, ನಿನ್ನ ಹಾಜರಿ ಅದ, ನಮ್ಮವರದು ಅದ..."

"ಮೂರೂ ಕೂಡಿದ್ರ ಮ್ಯಾಲಿನದರ ಅರ್ಧಕ್ಕ ಬರೂದಿಲ್ಲ ಯಕ್ಕಾ. ಕಾಲು ಹಚ್ಚಿಸಬೇಕಲ್ಲ ಇವರಿಗಿ? ಕೆಳಗ ಇದ್ದು ಯಾವಾಗ ಹಚ್ಚಿಸಲಿ?"

ಮೂಲೆಯಲ್ಲಿದ್ದ ಶಂಕ್ರೆಪ್ಪ ಹೆಗಲ ಮೇಲಿನ ಟವೆಲು ತೆಗೆದು ಮಡಚಿ ಮಡಚಿ ಅಂಗೈಯಷ್ಟು ಮಾಡಿ ತೊಡೆಯ ಕೆಳಗೆ ಇಟ್ಟುಕೊಂಡ.

"ಹಂಗಿದ್ರ ನನ್ನನ್ನ ಭಾನುದಾಸನ ಮಗ್ಗಲಕ ನಿಂದ್ರಿಸ್ರಿ" ಅಂದಳು ಮಾನಮ್ಮ ಸುಖೇಶನಿಗೆ. "ಸಲಿಕಿ ಹಿಡಿಯೂದಿಲ್ಲ. ಬರೇ ಕೇಳತೀನಿ."

"ಕೇಳ್ಲಿಕ್ಕೆ ಹಾಜರಿ ಕೊಡ್ತಾರಾ ಅಂತ..."

"ಅರ್ಧ ಕೊಡ್ರಿ."

ಒಪ್ಪಿದರು. ವಾಕಿಟಾಕಿಯೂ ಬಂತು. ಅದರಲ್ಲಿ ಗಾಳಿಯ ಸದ್ದೇ ಹೆಚ್ಚು.

ಈಗ ಮಾನಮ್ಮ ಮಶೀನಿನ ಪಕ್ಕ ನಿಲ್ಲುತ್ತಾಳೆ. ಇದೊಂದೇ ಕೆಲಸ ಅನ್ನುವ ಹಾಗೆ ಕುತ್ತಿಗೆ ಎತ್ತಿ ಮೇಲೆ ನೋಡುತ್ತಾಳೆ. ನಸುಕಿನಿಂದ ಬಾಯೊಳಗೇ ಥಾಂಬ, ಥಾಂಬ ಅಂತ ಉರು ಹಾಕುತ್ತಾಳೆ, ಎದೆ ಒಡೆಯುವ ಹೊತ್ತಿಗೆ ಅದೇ ಬರಲಿ ಅಂತ. ಮೇಲೆ ಶಿವಕಾಂತಾ ಮೋಡದ ಕಡೆ ಒಂದು ಬಣ್ಣದ ಚುಕ್ಕೆ.

ಮೊದಲ ಮಳೆಯ ಹನಿ ಬಿದ್ದ ದಿನ, ಗೇಟಿನಲ್ಲಿ ಕಾಂಕ್ರೀಟಿನ ಗಾಡಿ ಗುಡುಗುತ್ತಿದ್ದಾಗ ಮೇಲಿಂದ ಒಂದು ಹೆಣ್ಣು ದನಿ ತೇಲಿ ಬಂತು. ಮಾತು ಹರಿದಿತ್ತು. ಭಾನುದಾಸ ಬ್ರೇಕಿನ ಮೇಲೆ ಕೈ ಇಟ್ಟು ಮಾನಮ್ಮನ ಮುಖ ನೋಡಿದ. ಈಗ ಅವಳು ಹೇಳದೆ ಅವನು ಬಿಡುವುದಿಲ್ಲ.

"ಥಾಂಬ" ಅಂದಳು. ಮಾತು ಸರಿಯಾಗಿ ಬಂತು.

ಮೇಲೆ ಯಾರೋ ಗಂಡಸರು ಬೈದರು, ಖೇಪು ನಿಂತಿತ್ತು. ಸುಖೇಶ್ ಆಫೀಸಿನ ಬಾಗಿಲಿಗೆ ಬಂದು, "ಎಂತ ಆಯ್ತು, ಬಿಡಿ ಬಿಡಿ" ಅಂತ ಕೈ ಬೀಸಿದ. ಭಾನುದಾಸ ಹಿಡಿಕೆ ಬಿಗಿಹಿಡಿದ. ಮಾನಮ್ಮ ಎತ್ತಿದ ಕೈ ಇಳಿಸದೆ, ಮಳೆ ಕಣ್ಣಿಗೆ ಬೀಳುತ್ತಿದ್ದರೂ ರೆಪ್ಪೆ ಮುಚ್ಚದೆ ನಿಂತಳು.

ಮೇಲಿಂದ ಅದೇ ದನಿ ಇನ್ನೊಮ್ಮೆ ಬಂತು.

"ಖಾಲಿ..."

ಮಾತು ಮುಗಿಯಿತೋ, ಇನ್ನೂ ಬಾಲ ಇದೆಯೋ ಅಂತ ಅವಳು ಕಿವಿಗೊಟ್ಟಳು.